ಧೂಳಪ್ಪನವರ ಖಾಸಗಿ ಹಿಮ

ತಿಕೋಟಾ ರಸ್ತೆಯಲ್ಲಿರುವ ನಮ್ಮ ಒಣದ್ರಾಕ್ಷಿ ಬೆಳೆಗಾರರ ಸಹಕಾರಿ ಶೀತಲಗೃಹದಲ್ಲಿ ಕಳೆದ ಸೆಪ್ಟೆಂಬರಿನಲ್ಲಿ ನಡೆದ ಗಲಾಟೆಯ ಬಗ್ಗೆ ಹತ್ತಾರು ಕಥೆ ಹಬ್ಬಿವೆ. ಒಂದನ್ನೂ ನಂಬಬೇಡಿ. ನಿಜ ಹೇಳಲು ನಾನೇ ತಕ್ಕವನು, ಯಾಕೆಂದರೆ ನಾನು ಅಲ್ಲಿಯ ಆವಕ-ಜಾವಕ ಗುಮಾಸ್ತ. ಟಪಾಲಿನಲ್ಲಿ ಬಂದ ಕಾಗದಕ್ಕೆ ತಾರೀಖಿನ ಶಿಕ್ಕಾ ಹೊಡೆದು ನಂಬರು ಕೊಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸುಳ್ಳು ತಾರೀಖು ಹಾಕಿದ್ದೇನೆ. ಅದನ್ನೂ ಮುಚ್ಚಿಡುವುದಿಲ್ಲ, ಆದರೆ ಕೊನೆಯಲ್ಲಿ ಹೇಳುತ್ತೇನೆ.

ನನ್ನ ಪಕ್ಕದ ಮೇಜು ಹಿರಿಯ ಗುಮಾಸ್ತ ಧೂಳಪ್ಪನವರದು. ಅವರದು ಖರೀದಿ ವಿಭಾಗ. ವಿಭಾಗ ಎಂದರೆ ಅವರೊಬ್ಬರೇ. ಸಂಘಕ್ಕೆ ಒಂದು ಕಸಬರಿಗೆ ಬೇಕಾದರೂ ಮೂರು ಅಂಗಡಿಯಿಂದ ಕೊಟೇಶನ್ ತರಿಸಬೇಕು, ಮೂರನ್ನೂ ಪಕ್ಕಪಕ್ಕ ಬರೆದು ತುಲನಾತ್ಮಕ ತಖ್ತೆ ಮಾಡಬೇಕು, ಆಮೇಲೆ ಕಸಬರಿಗೆ. ಇದು ನಿಯಮ. ಬೇರೆಯವರಿಗೆ ಈ ನಿಯಮ ಸಂಜೆ ಐದೂವರೆಗೆ ಮುಗಿಯುತ್ತದೆ. ಧೂಳಪ್ಪನವರು ಅದನ್ನು ಬಸ್ಸಿನಲ್ಲಿ ವಿಜಯಪುರದ ಮನೆಗೂ ಒಯ್ಯುತ್ತಾರೆ. ಹೆಂಡತಿ ಪರಸವ್ವನ ಮೊಣಕಾಲು ನೋವಿಗೆ ಮೂವರು ಡಾಕ್ಟರುಗಳ ಅಭಿಪ್ರಾಯ ತರಿಸಿದರು. ತಖ್ತೆ ಮುಗಿಯುವಷ್ಟರಲ್ಲಿ ಒಬ್ಬ ಡಾಕ್ಟರು ನಿವೃತ್ತರಾದರು. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಆ ಹೆಣ್ಣುಮಗಳನ್ನು ಎಲ್ಲಿಗೂ ಕರೆದೊಯ್ದಿಲ್ಲ. ಗೋವಾಕ್ಕೆ ಎರಡೇ ಕೊಟೇಶನ್ ಬಂದವು. ಮೈಸೂರಿಗೆ ಮೂರೂ ಬಂದವು, ಆದರೆ ಮೂರನೆಯದರ ಮೇಲೆ ಸಹಿ ಇರಲಿಲ್ಲ.

ಜುಲೈ ತಿಂಗಳಲ್ಲಿ ಜೈನಾಪುರದಲ್ಲಿ ಒಂದು ತೊಟ್ಟಿಲ ಕಾರ್ಯವಿತ್ತು. ಊಟದ ಪಂಕ್ತಿಯಲ್ಲಿ ಪರಸವ್ವನ ತಮ್ಮ ರಾಜಾರಾಮ ಮೊಬೈಲು ತೆಗೆದು ಎಲ್ಲರಿಗೂ ಒಂದು ಫೋಟೋ ತೋರಿಸಿದ. ಯಾವುದೋ ದೊಡ್ಡ ಮಾಲಿನೊಳಗೆ ಕಟ್ಟಿದ ಹಿಮದ ಗುಡ್ಡ. ರಾಜಾರಾಮ ಬಾಡಿಗೆ ಕೋಟು ತೊಟ್ಟು, ಕಾಲಿಗೆ ಎರಡು ಉದ್ದನೆಯ ಪಟ್ಟಿ ಕಟ್ಟಿಕೊಂಡು ಅದರ ಮೇಲೆ ನಿಂತಿದ್ದಾನೆ.

“ಸ್ಕೀಯಿಂಗ್ ಅಂತಾರ ಇದಕ, ಮಾಮಾ. ಹೊರಗ ನಲವತ್ತು ಡಿಗ್ರಿ ಬಿಸಲು, ಒಳಗ ಬರ್ಫ. ನಿಮ್ಮಂಥಾವ್ರಿಗಿ ಆಗೂದಲ್ಲ ಬಿಡ್ರಿ,” ಎಂದ.

ಧೂಳಪ್ಪನವರ ಬಾಯಲ್ಲಿ ಹೋಳಿಗೆ ಇತ್ತು. ಅದನ್ನು ನುಂಗಿ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. “ನಮ್ಮದೂ ಆಗೇತಲ್ಲ! ದೀಪಾವಳಿಗಿ ನಾನೂ ನಿಮ್ಮಕ್ಕನೂ ಜಾರಾಕ ಹೊಂಟೀವಿ. ಬರೇ ಜಾಗಾ ಫೈನಲ್ ಆಗೂದು ಬಾಕಿ ಐತಿ,” ಎಂದುಬಿಟ್ಟರು.

ಸಾರು ಬಡಿಸುತ್ತಿದ್ದ ಪರಸವ್ವ ಸೌಟು ಹಿಡಿದುಕೊಂಡೇ ನಿಂತಳು. ತಿರುಗಿ ಬರುವಾಗ, ಬಸ್ಸು ಬಬಲೇಶ್ವರ ದಾಟಿದ ಮೇಲೆ ಆಕೆ ಬಾಯಿ ತೆರೆದಳು.

“ಖರೇನ?” ಎಂದು ಕೇಳಿದಳು.

“ಖರೇ.”

“ನಾ ಬರ್ಫ ನೋಡಿದ್ದಂದ್ರ ಎದುರು ಮನಿ ಇಮಾಮಬಿ ಅವರ ಫ್ರಿಜ್ಜಿನಾಗ. ನೋಡ್ರಿ, ಇಪ್ಪತ್ತೆಂಟು ವರ್ಸ ಕೇಳಿ ಕೇಳಿ ಸಾಕಾಗೇತಿ. ಇದೂ ಆಗಲಿಲ್ಲಂದ್ರ ನಾ ಜಗಳಾ ತಗಿಯಂಗಿಲ್ಲ. ಇನ್ನ ಮ್ಯಾಲ ನಿಮಗ ಏನೂ ಕೇಳಂಗನ ಇಲ್ಲ.”

ಜಗಳ ಧೂಳಪ್ಪನವರಿಗೆ ಅಭ್ಯಾಸವಾಗಿತ್ತು. ಏನೂ ಕೇಳುವುದೇ ಇಲ್ಲ ಎಂದಳಲ್ಲ, ಅದಕ್ಕೆ ಅವರು ಹೆದರಿದರು. ಮರುದಿನ ಕಚೇರಿಗೆ ಬಂದವರು ಜ್ವರ ಬಂದವರಂತೆ ಕಾಣುತ್ತಿದ್ದರು. “ಹಿಮಾಲಯಕ್ಕ ಕರಕೊಂಡು ಹೋಗ್ರಿ, ಮುಗೀತಲ್ಲ,” ಎಂದೆ ನಾನು. “ಹಿಮಾಲಯ ಒಂದ ಐತಿ. ತುಲನಾ ಹೆಂಗ ಮಾಡೂದು?” ಎಂದರು.

ಹೀಗಾಗಿ ಒಳಾಂಗಣ ಹಿಮವೇ ಗಟ್ಟಿಯಾಯಿತು. ದುಬೈಯದೊಂದು, ದಿಲ್ಲಿ ಕಡೆಯದೊಂದು, ಹೈದರಾಬಾದಿನದೊಂದು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಫೋನು ಶುರುವಾಗುತ್ತಿತ್ತು. “ಮೇಡಂ, ನಿಮ್ಮ ಇಳಿಜಾರು ಎಷ್ಟು ಉದ್ದ ಐತ್ರಿ? ಬಿದ್ರ ಎಬ್ಬಸಾಕ ಮಂದಿ ನೀವ ಕೊಡ್ತೀರೋ, ನಾವ ಕರಕೊಂಡು ಬರಬೇಕೋ? ಕುಂತು ಜಾರಾಕ ಬರ್ತೈತೇನ್ರಿ? ಹಂಗಾರ ಇಷ್ಟೂ ಬರದು, ಸಹಿ ಮಾಡಿ, ಶಿಕ್ಕಾ ಹೊಡದು ಕಳಸ್ರಿ.” ದುಬೈ ಮೇಡಮ್ಮಿಗೆ ಕನ್ನಡ ಬರುತ್ತಿರಲಿಲ್ಲ, ಧೂಳಪ್ಪನವರ ಹಿಂದಿ ಆಕೆಗೆ ತಿಳಿಯುತ್ತಿರಲಿಲ್ಲ. ಆದರೂ ವಾರದೊಳಗೆ ಆಕೆ ಶಿಕ್ಕಾ ಎಂಬ ಮಾತು ಕಲಿತಳು.

ಮೂರೂ ಕೊಟೇಶನ್ ಬಂದವು. ಧೂಳಪ್ಪನವರ ಜೀವನದಲ್ಲೇ ಇಷ್ಟು ಬೇಗ ಬಂದದ್ದಿಲ್ಲ. ಆದರೆ ಒಂದು ತೊಡಕು. ಒಬ್ಬರು ಇಳಿಜಾರು ಎಂಟು ಡಿಗ್ರಿ ಎಂದಿದ್ದರು, ಇನ್ನೊಬ್ಬರು ಹನ್ನೆರಡು, ದಿಲ್ಲಿಯವರು ಹದಿನೆಂಟು. ಪರಸವ್ವನ ಮೊಣಕಾಲಿಗೆ ಎಷ್ಟು ಡಿಗ್ರಿ ತಡೆಯುತ್ತದೆ ಎಂಬುದು ಕಾಗದ ನೋಡಿ ಗೊತ್ತಾಗುವ ವಿಷಯವಲ್ಲ. ಆದ್ದರಿಂದ ಅವರು ಬೆಳಿಗ್ಗೆ ಆರಕ್ಕೆ ಎದ್ದು, ಮನೆಯ ಮೆಟ್ಟಿಲಿಗೆ ಹಲಗೆ ಆನಿಸಿ, ಮಗಳು ಶಾಲೆಗೆ ಹೋಗುವಾಗ ಬಳಸುತ್ತಿದ್ದ ಕೋನಮಾಪಕ ಇಟ್ಟು ನೋಡಿ, ಮೇಲಿನಿಂದ ಒಂದು ಲಿಂಬೆಹಣ್ಣು ಬಿಟ್ಟು ಗಡಿಯಾರ ನೋಡಿದರು. ಎಂಟು ಡಿಗ್ರಿಯ ಲಿಂಬೆ ಗಟಾರದ ಹತ್ತಿರ ನಿಂತಿತು. ಮರುದಿನ ಹನ್ನೆರಡರದು ಓಣಿಯ ನಡುವೆ ನಿಂತಿತು. ಮೂರನೆಯ ದಿನ ಹದಿನೆಂಟರದು ಓಣಿ ದಾಟಿ ಎದುರು ಮನೆಯ ಇಮಾಮಬಿಯ ಹೊಸ್ತಿಲಿಗೆ ಹೋಗಿ ಮುಟ್ಟಿತು.

ಇಮಾಮಬಿ ಬಟ್ಟೆ ಹೊಲಿಯುವಾಕೆ. ಮಷಿನ್ನಿನ ಮುಂದೆ ಕುಳಿತರೆ ಇಡೀ ಓಣಿ ಆಕೆಯ ಕಣ್ಣಲ್ಲಿ. ಲಿಂಬೆಹಣ್ಣು ಮೂರು ದಿನದಿಂದ ದಿನಕ್ಕಿಷ್ಟು ತನ್ನ ಮನೆಯತ್ತ ಸರಿಯುತ್ತಿರುವುದನ್ನು ಆಕೆ ಗಮನಿಸಿದ್ದಳು. ಅದನ್ನು ಚಿಮಟಿಗೆಯಲ್ಲಿ ಹಿಡಿದುಕೊಂಡು ನೆಟ್ಟಗೆ ಪರಸವ್ವನ ಅಡುಗೆಮನೆಗೆ ಬಂದಳು.

“ಪರಸವ್ವಾ, ಏನರೆ ಸಿಟ್ಟಿದ್ರ ಮಕದ ಮ್ಯಾಲ ಹೇಳ್ರಿ. ನಿನ್ನ ಗಂಡ ನನಗ ಮಾಟಾ ಮಾಡಾಕತ್ತಾನ.”

“ಅವರಿಗೇನ ಮಾಟಾ ಬರ್ತೈತಿ ಬೇ! ಅದಕೂ ಮೂರು ಮಂತ್ರವಾದಿಗಳನ್ನ ಕೇಳಾವ್ರು ಅವರು.”

“ಹಂಗಾರ ಇನ್ನೊಂದು ಕೇಳು. ಐತವಾರ ಮಾಳಿಗಿ ಮ್ಯಾಲ ನಿಂತು ಯಾವಕಿಗೋ ಫೋನ್ ಮಾಡಿದ್ದ. ಮೇಡಂ ಮೇಡಂ ಅಂತಿದ್ದ. ‘ಇಬ್ಬರೂ ಕೂಡಿ ಜಾರಬಹುದೇನ್ರಿ’ ಅಂತ ಕೇಳಿದ್ದನ್ನ ನಾ ಈ ಕಿವಿಲೆ ಕೇಳೇನಿ. ತೌಬಾ!”

ಪರಸವ್ವ ನಕ್ಕಳಂತೆ. ಆದರೆ ಆ ರಾತ್ರಿ ಗಂಡನಿಗೆ ಎರಡನೆಯ ರೊಟ್ಟಿ ಹಾಕುವ ಮೊದಲು ಆತನ ಮುಖವನ್ನು ಒಂದು ಗಳಿಗೆ ನೋಡಿದಳಂತೆ. ಇದೆಲ್ಲ ನನಗೆ ಇಮಾಮಬಿಯೇ ಆಮೇಲೆ ಹೇಳಿದ್ದು.

ಇನ್ನು ತಖ್ತೆಯ ವಿಷಯ. ಧೂಳಪ್ಪನವರಿಗೆ ಕಂಪ್ಯೂಟರಿನಲ್ಲಿ ಹೊಸ ಹಾಳೆ ತೆಗೆಯಲು ಬರುವುದಿಲ್ಲ. ಹಳೆಯ ತಖ್ತೆ ತೆಗೆದು ಅದರ ಮೇಲೆಯೇ ಬರೆಯುತ್ತಾರೆ. ಆವತ್ತು ಕೈಗೆ ಸಿಕ್ಕದ್ದು ನಮ್ಮ ಶೀತಲಗೃಹದ ಮೂರನೆಯ ಕೋಣೆಯ ರಿಪೇರಿಗೆ ಮಾಡಿಟ್ಟ ಅರೆಬರೆ ತಖ್ತೆ. ಅದರಲ್ಲಿದ್ದುದನ್ನು ಅಳಿಸಿ ಹಿಮ ತುಂಬಿದರು. ತಲೆಬರಹ ಅಳಿಸಲು ಮರೆತರು. ಕೊನೆಗೆ ಕಾಗದ ಹೀಗಾಯಿತು:

“ಸಂಘದ ಕೋಣೆ ನಂಬರು ಮೂರರ ಸಲುವಾಗಿ ತುಲನಾತ್ಮಕ ತಖ್ತೆ. ವಿಷಯ: ಹಿಮದ ಇಳಿಜಾರು. ಫಲಾನುಭವಿಗಳು: ಇಬ್ಬರು. ಷರಾ: ಒಬ್ಬ ಫಲಾನುಭವಿಯ ಮೊಣಕಾಲು ಸರಿಯಿಲ್ಲದ ಕಾರಣ ಕಡಿಮೆ ಡಿಗ್ರಿಯದು ಯೋಗ್ಯ. ಅಂತಿಮವಾಗುವ ತನಕ ಜೈನಾಪುರದವರಿಗೆ ತಿಳಿಸತಕ್ಕದ್ದಲ್ಲ.”

ಜೈನಾಪುರದವರು ಎಂದರೆ ರಾಜಾರಾಮ. ಆದರೆ ಕಾಗದದ ಮೇಲೆ ಹಾಗೆಂದು ಬರೆದಿರಲಿಲ್ಲ.

ಅದೇ ದಿನ ವಾರ್ಷಿಕ ಸಭೆಯ ನೋಟಿಸು ಝೆರಾಕ್ಸಿಗೆ ಹೋಗುವುದಿತ್ತು. ಧೂಳಪ್ಪನವರು ತಮ್ಮ ಮೇಜಿನಿಂದ ನೋಟಿಸಿನ ಹಾಳೆಗಳನ್ನು ಎತ್ತಿಕೊಟ್ಟರು. ಅಡಿಯಲ್ಲಿದ್ದ ಹಿಮವೂ ಜೊತೆಗೆ ಹೋಯಿತು. ಝೆರಾಕ್ಸಿನವನು ಪಾಪ, ಕೊಟ್ಟದ್ದನ್ನೆಲ್ಲ ಮುನ್ನೂರು ಪ್ರತಿ ತೆಗೆದ. ನಾನೇ ಪಿನ್ನು ಹೊಡೆದು ಟಪಾಲಿಗೆ ಹಾಕಿದೆ. ಓದುವುದು ನನ್ನ ಕೆಲಸವಲ್ಲ.

ಮೂರು ದಿನದಲ್ಲಿ ಕನಮಡಿಯಿಂದ ಜೈನಾಪುರದ ತನಕ ಸದಸ್ಯರೆಲ್ಲರ ಕೈಗೂ ಹಿಮ ಮುಟ್ಟಿತು. ಬಿಜ್ಜರಗಿಯ ಯಲಗೂರಪ್ಪ ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿಕೋಟಾ ಬಸ್ ನಿಲ್ದಾಣದ ಚಹಾದಂಗಡಿಗೆ ಬಂದ. ಯಲಗೂರಪ್ಪ ಹುಟ್ಟಾ ಸಂಶಯದ ಮನುಷ್ಯ. ಮಳೆ ಬಂದರೂ ಯಾರು ತರಿಸಿದರು ಎಂದು ಕೇಳುವವನು.

“ಓದ್ರಿ ಇದನ್ನ,” ಎಂದ. “ಕೋಣಿ ನಂಬರ್ ಮೂರು. ನಾಕು ತಿಂಗಳಿಂದ ಅದಕ ಕೀಲಿ ಹಾಕ್ಯಾರ. ರಿಪೇರಿ ಅಂತ ಬೋರ್ಡ್ ಬರದಾರ. ರಿಪೇರಿ ಯಾರರೆ ಮಾಡಿದ್ದು ನೋಡೀರೇನು?”

ಯಾರೂ ನೋಡಿರಲಿಲ್ಲ.

“ಮತ್ತ! ಒಳಗ ಬರ್ಫಿನ ಗುಡ್ಡಾ ಕಟ್ಟಾಕತ್ತಾರ. ಪ್ಯಾಟಿ ಮಂದಿ ಬಂದು ಜಾರ್ತಾರ. ನಮ್ಮ ಮಣೂಕ ಬೀದಿಗಿ ಬೀಳ್ತಾವ.” ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಎನ್ನುತ್ತಾರೆ, ಆ ಮಾತು ಬಂದರೆ ಮಲಗಿದವರೂ ಎದ್ದು ಕೂಡುತ್ತಾರೆ. “ಮುನ್ನೂರು ಮಂದಿ ಸದಸ್ಯರು. ಫಲಾನುಭವಿಗಳು ಇಬ್ಬರಂತ! ಉಳದಾವ್ರು ನಾವೇನು ಬರ್ಫ ಕಾಯಾಕ ಇದ್ದೀವೇನು?”

“ಮೊಣಕಾಲು ನೋವು ಯಾರಿಗೈತಿ?” ಎಂದು ಒಬ್ಬ ಮೆಲ್ಲಗೆ ಕೇಳಿದ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಸಂಘದ ಅಧ್ಯಕ್ಷ ಗುರಲಿಂಗಪ್ಪನವರು ಹೋದ ವರ್ಷ ಬಬಲೇಶ್ವರದಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದಾಗಿನಿಂದ ಎಡಗಾಲು ಎಳೆದು ನಡೆಯುತ್ತಿದ್ದರು. ಹೀಗೆ ಒಬ್ಬ ಫಲಾನುಭವಿ ಸಿಕ್ಕ. ಇನ್ನೊಬ್ಬ ಯಾರು ಎಂಬುದೇ ಪ್ರಶ್ನೆ.

ಆ ವಾರ ನಮ್ಮ ಭಾಗದಲ್ಲಿ ಕುಂಟುವುದು ಅಪಾಯವಾಯಿತು. ವಾತದವರು, ಸಕ್ಕರೆ ಕಾಯಿಲೆಯವರು, ಎಂಬತ್ತು ದಾಟಿದವರು ಎಲ್ಲರೂ ಪೊಲೀಸರಂತೆ ನೆಟ್ಟಗೆ ನಡೆದರು. ಕನಮಡಿಯ ಹಿರಿಯರೊಬ್ಬರು ತಮ್ಮ ಮೊಣಕಾಲು ಗಟ್ಟಿಯಿದೆ ಎಂದು ತೋರಿಸಲು ಬಸ್ಸಿನ ಮೆಟ್ಟಿಲಿಂದ ಜಿಗಿದು ಕಾಲು ಉಳುಕಿಸಿಕೊಂಡರು. ಉಳುಕಿದ್ದು ಈಗ, ಮೊದಲು ಇರಲಿಲ್ಲ ಎಂದು ಡಾಕ್ಟರಿಂದ ಚೀಟಿ ಬರೆಸಿಕೊಂಡು ಬಂದರು. ಇನ್ನು ಜೈನಾಪುರದವರಂತೂ ತಮ್ಮಿಂದ ಏನನ್ನು ಮುಚ್ಚಿಟ್ಟಿದ್ದಾರೆ ಎಂದು ತಿಳಿಯದೆ, ಅಧ್ಯಕ್ಷರ ಊರೆಂದು ಇಡೀ ಬಬಲೇಶ್ವರದ ಕಡೆಯವರ ಜೊತೆ ಮಾತು ಬಿಟ್ಟರು.

ಅಧ್ಯಕ್ಷರು ಧೂಳಪ್ಪನವರನ್ನು ಬಬಲೇಶ್ವರದ ತಮ್ಮ ಮನೆಗೆ ಕರೆಸಿದರು. ಜೊತೆಗೆ ನಾನೂ ಹೋಗಿದ್ದೆ. ಕಾಲು ಎಳೆಯುವುದು ಕಾಣಬಾರದೆಂದು ಅಧ್ಯಕ್ಷರು ಕುರ್ಚಿಯಿಂದ ಏಳಲೇ ಇಲ್ಲ.

“ನನ್ನ ಮೊಣಕಾಲಿನ ಸುದ್ದಿ ಮುನ್ನೂರು ಮಂದಿಗಿ ಬರದು ಕಳಸಾಕ ನಿಮಗ ಯಾರು ಹೇಳಿದ್ರು?”

“ಅದು ನಿಮ್ಮ ಮೊಣಕಾಲಲ್ರಿ, ಸಾಹೇಬ್ರ.”

“ಮತ್ತ ಯಾರದು?”

ಧೂಳಪ್ಪನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಹೆಂಡತಿಯದು ಎಂದರೆ ಸ್ವಂತ ಕೆಲಸಕ್ಕೆ ಸಂಘದ ಕಂಪ್ಯೂಟರು, ಸಂಘದ ಕಾಗದ, ಸಂಘದ ಟಪಾಲು. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಕೆಲಸಕ್ಕೆ ಕುತ್ತು ಬಂದರೆ ದೀಪಾವಳಿಯೂ ಇಲ್ಲ, ಹಿಮವೂ ಇಲ್ಲ, ಪರಸವ್ವ ಮತ್ತೆಂದೂ ಏನನ್ನೂ ಕೇಳುವುದಿಲ್ಲ.

“ಹೇಳಾಕ ಬರಂಗಿಲ್ರಿ.”

“ಈ ಬರ್ಫರೆ ಯಾರದು?”

“ಅದು… ಖಾಸಗಿ ಬರ್ಫ್ರಿ.”

“ಖಾಸಗಿ!” ಅಧ್ಯಕ್ಷರು ಮೊಣಕಾಲು ಮರೆತು ಎದ್ದೇಬಿಟ್ಟರು. “ನನಗ ಗೊತ್ತಿಲ್ಲದಂಗ ಖಾಸಗಿಯವ್ರು ನನ್ನ ಸಂಘಕ್ಕ ಬಂದಾರ! ತಡೀರಿ, ಸಭಾಕ್ಕ ಸಹಕಾರ ಇಲಾಖೆ ನಿರೀಕ್ಷಕರನ್ನ ಕರಸ್ತೀನಿ.”

ಬರುವ ದಾರಿಯಲ್ಲಿ ನಾನು, “ಖರೆ ಹೇಳಿಬಿಡ್ರಿ,” ಎಂದೆ. ಧೂಳಪ್ಪನವರು, “ಖರೆ ಹೇಳಿದ್ರ ನಂಬಾವ್ರು ಯಾರದಾರ ಈಗ?” ಎಂದರು.

ಶುಕ್ರವಾರ ಸಭೆ. ಎಂದೂ ನಲವತ್ತು ಜನ ದಾಟದ ಸಭೆಗೆ ಇನ್ನೂರು ಜನ ಬಂದರು. ಅಧ್ಯಕ್ಷರು ಸ್ವಾಗತ ಎನ್ನುವ ಮೊದಲೇ ಯಲಗೂರಪ್ಪ ಎದ್ದು, “ಮೊದಲ ನಮ್ಮ ಮಣೂಕ ತೋರಸ್ರಿ, ಆಮ್ಯಾಲ ಸ್ವಾಗತ,” ಎಂದ. ಒಂದನೆಯ ಕೋಣೆ ತೆಗೆದರು. ಪೆಟ್ಟಿಗೆಗಳಿದ್ದವು. ಎರಡನೆಯದು ತೆಗೆದರು. ಅಲ್ಲೂ ಇದ್ದವು. ಯಲಗೂರಪ್ಪ ತನ್ನ ಪೆಟ್ಟಿಗೆ ಬಿಚ್ಚಿಸಿ ಒಂದು ಹಿಡಿ ತಿಂದು, “ನನ್ನವ ಇದ್ದಂಗದಾವ, ಆದ್ರ ಖಾತ್ರಿ ಇಲ್ಲ,” ಎಂದು ಇನ್ನೊಂದು ಹಿಡಿ ತಿಂದ. ಆಮೇಲೆ ಎಲ್ಲರೂ ಮೂರನೆಯ ಕೋಣೆಯ ಮುಂದೆ ಬಂದು ನಿಂತರು.

ಯಂತ್ರ ನೋಡಿಕೊಳ್ಳುವ ಅಶ್ಫಾಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. “ತಗೀಬ್ಯಾಡ್ರಿ. ನಿಮಗ ಸಿಟ್ಟು ಬರ್ತೈತಿ,” ಎಂದ. ಸಂಶಯದ ಜನಕ್ಕೆ ಇಷ್ಟು ಸಾಕಾಗಿತ್ತು.

ಅದೇ ಹೊತ್ತಿಗೆ ಆಟೋ ಒಂದು ಬಂದು ನಿಂತಿತು. ಪರಸವ್ವ ಮತ್ತು ಇಮಾಮಬಿ ಇಳಿದರು. ಇಮಾಮಬಿಯ ಮೈದುನ ಕುತುಬುದ್ದೀನನಿಗೂ ದ್ರಾಕ್ಷಿ ತೋಟ ಇದೆ, ಆತನೂ ಸದಸ್ಯ, ಆತನಿಗೂ ಕಾಗದ ಬಂದಿತ್ತು. ಪರಸವ್ವ ಆ ಕಾಗದವನ್ನು ಗಂಡನ ಮುಖದ ಮುಂದೆ ಹಿಡಿದಳು.

“ಫಲಾನುಭವಿಗಳು ಇಬ್ಬರು. ಒಬ್ಬರು ನೀವು. ಇನ್ನೊಬ್ಬಾಕಿ ಯಾರು? ಆ ಮೇಡಮ್ಮ ಏನು? ಇಲ್ಲೇ, ಇಷ್ಟು ಮಂದಿ ಮುಂದ ಹೇಳ್ರಿ.”

ಇನ್ನೂರು ಜನ ಹತ್ತಿರ ಸರಿದರು. ಅವರಿಗೂ ಅದೇ ಬೇಕಾಗಿತ್ತು.

“ನೀನ, ಪರಸವ್ವಾ! ಮೊಣಕಾಲು ನಿಂದ! ನಿನಗ ಬರ್ಫ ತೋರಸ್ತೀನಿ ಅಂದಿದ್ನಲ್ಲ, ಅದರ ತಖ್ತೆ ಇದು!” ಧೂಳಪ್ಪನವರ ದನಿ ಅಳುವಿಗೆ ಬಂದಿತ್ತು.

ಪರಸವ್ವನ ಕೈಯ ಕಾಗದ ಕೆಳಗಿಳಿಯಿತು. ಆದರೆ ಯಲಗೂರಪ್ಪನ ಸಂಶಯ ಇಳಿಯಲಿಲ್ಲ. “ನೋಡಿದ್ರಿಲ್ಲೊ! ಹೆಂಡತಿ ಹೆಸರಿನ ಮ್ಯಾಲ ಮಾಡ್ಯಾನ! ತಗೀರಿ ಬಾಗಲಾ!” ಎಂದು ಕೂಗಿದ. ನಿರೀಕ್ಷಕರು ತಲೆಯಾಡಿಸಿದರು. ಅಶ್ಫಾಕ ಕೀಲಿ ತಿರುವಿದ.

ಬಾಗಿಲು ತೆರೆದೊಡನೆ ತಣ್ಣನೆಯ ಹೊಗೆ ಹೊರಬಂತು. ಅದು ಸರಿದ ಮೇಲೆ ಒಳಗೆ ಬೆಳ್ಳಗೆ ಕಂಡಿತು. ಗೋಡೆ ಬಿಳಿ, ಛತ್ತು ಬಿಳಿ, ನೆಲ ಬಿಳಿ. ಪೆಟ್ಟಿಗೆಯ ಗಾಡಿ ಇಳಿಸುವ ಇಳಿಜಾರಿನ ಮೇಲೆ ಮೊಣಕಾಲು ಮುಳುಗುವಷ್ಟು ಬಿಳಿ.

“ಯಪ್ಪಾ,” ಎಂದ ಯಲಗೂರಪ್ಪ. “ಕಟ್ಟೇಬಿಟ್ಟಾರ.”

“ಯಾರೂ ಕಟ್ಟಿಲ್ರಿ,” ಎಂದ ಅಶ್ಫಾಕ. “ವಾಲ್ವು ಜಾಮ್ ಆಗೇತಿ, ಥಂಡಿ ಬಿಡೂದು ನಿಲ್ಲವಲ್ದು. ಬಾಗಲದ ರಬ್ಬರು ಹರದೈತಿ, ಹೊರಗಿನ ಹಸಿ ಗಾಳಿ ಒಳಗ ಹೊಕ್ಕು ಬರ್ಫ ಆಗಾಕತ್ತೈತಿ. ಇದನ್ನ ಬಂದ್ ಮಾಡಿದ್ರ ಮೂರೂ ಕೋಣಿ ಬಂದ್ ಆಗ್ತಾವ. ನಾ ಮೇ ತಿಂಗಳದಾಗ ಬರದು ಕೊಟ್ಟೀನಿ.”

“ಬರದದ್ದು ಎಲ್ಲೈತಿ?” ಎಂದರು ನಿರೀಕ್ಷಕರು.

ನಾನೇ ಹೋಗಿ ತಂದೆ. ಧೂಳಪ್ಪನವರ ಮೇಜಿನ ಮೇಲೆ, ಎಡಗಡೆಯ ಕಡತದ ಕಟ್ಟಿನಲ್ಲಿ ಇತ್ತು. ವಾಲ್ವಿಗೂ ರಬ್ಬರಿಗೂ ಎರಡು ಕೊಟೇಶನ್ ಬಂದಿದ್ದವು. ಮೂರನೆಯದಕ್ಕೆ ಒಂಬತ್ತು ಜ್ಞಾಪನ ಹೋಗಿದ್ದವು, ಉತ್ತರ ಬಂದಿರಲಿಲ್ಲ. ನಿರೀಕ್ಷಕರು ಪುಟ ತಿರುವಿ, ಕನ್ನಡಕ ಸರಿಪಡಿಸಿಕೊಂಡು, “ಕಡತ ಕ್ರಮಬದ್ಧವಾಗಿದೆ,” ಎಂದರು. ಅಂದರೆ ಆ ಹಿಮವನ್ನು ಮೇಲಿನಿಂದ ಕೆಳಗಿನ ತನಕ ಕಟ್ಟಿದವರು ಧೂಳಪ್ಪನವರೇ. ನಾಲ್ಕು ತಿಂಗಳು ಏನೂ ಮಾಡದೆ, ನಿಯಮದ ಪ್ರಕಾರ ಕಟ್ಟಿದ್ದರು.

ಇನ್ನೂರು ಜನರ ಬಾಯಿ ಒಮ್ಮೆಲೇ ತೆರೆಯುವುದಿತ್ತು. ಅಷ್ಟರಲ್ಲಿ ಒಳಗಿನಿಂದ ಒಂದು ಸದ್ದು ಬಂತು.

ಪರಸವ್ವ ಇದಾವುದನ್ನೂ ಕೇಳಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋಗಿದ್ದಳು. ಒಂದು ಹಿಡಿ ತೆಗೆದು ಮೂಸಿ ನೋಡಿದಳು, ನಾಲಿಗೆಗೆ ಹಚ್ಚಿಕೊಂಡಳು. ಆಮೇಲೆ ಇಳಿಜಾರಿನ ಮೇಲ್ತುದಿಯಲ್ಲಿ ಖಾಲಿ ಬಿದ್ದಿದ್ದ ಪ್ಲಾಸ್ಟಿಕ್ ಕ್ರೇಟಿನಲ್ಲಿ ಸೊಂಟ ಹಿಡಿದು ಕುಳಿತು, “ಇಮಾಮಬಿ, ದಬ್ಬು ಬೇ,” ಎಂದಳು. ಇಮಾಮಬಿ ದಬ್ಬಿದಳು.

ಹನ್ನೆರಡೇ ಅಡಿ. ಕ್ರೇಟು ಸುಂಯ್ ಎಂದು ಇಳಿದು ಎದುರಿನ ಬಿಳಿ ಗುಡ್ಡೆಗೆ ಹೋಗಿ ಹೊಕ್ಕಿತು. ಒಂದು ಕ್ಷಣ ಏನೂ ಕಾಣಲಿಲ್ಲ. ಆಮೇಲೆ ಪರಸವ್ವನ ನಗೆ ಕೇಳಿತು. ಐವತ್ತರ ಹೆಂಗಸು ಹಾಗೆ ನಗುವುದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಸಿಟ್ಟಿನಿಂದ ಬಂದ ಇನ್ನೂರು ಜನಕ್ಕೂ ಏನು ಮಾಡಬೇಕೆಂದು ತಿಳಿಯಲಿಲ್ಲ.

ಆಮೇಲೆ ಇಮಾಮಬಿ ಜಾರಿದಳು. ಆಮೇಲೆ ಅಧ್ಯಕ್ಷರು, ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಕ್ರೇಟಿನೊಳಗಿಟ್ಟುಕೊಂಡು. ಯಲಗೂರಪ್ಪ ಮೂರು ಸಲ ಜಾರಿ, “ಇದರಾಗ ಏನೋ ಐತಿ, ಇನ್ನೊಮ್ಮಿ ನೋಡಿ ಹೇಳ್ತೀನಿ,” ಎಂದು ನಾಲ್ಕನೆಯ ಸಲ ಸಾಲಿನಲ್ಲಿ ನಿಂತ. ಸಭೆ ಅಲ್ಲಿಯೇ, ಬಾಗಿಲ ಹತ್ತಿರ ನಡೆಯಿತು. ಕೂಡಲೇ ರಿಪೇರಿ ಮಾಡಿಸಿ ಎಂದು ಸದಸ್ಯರು ಹೇಳಿದರು. ಮೂರನೆಯ ಕೊಟೇಶನ್ ಬಂದ ದಿನವೇ ಮಾಡಿಸತಕ್ಕದ್ದು, ಅದಕ್ಕೂ ಮೊದಲು ನಿಯಮದಲ್ಲಿ ಅವಕಾಶವಿಲ್ಲ ಎಂದು ನಿರೀಕ್ಷಕರು ಬರೆಸಿದರು. ಸಂಘದ ಕಾಗದ ಹಾಳು ಮಾಡಿದ್ದಕ್ಕೆ ಧೂಳಪ್ಪನವರಿಗೆ ಒಂದು ಎಚ್ಚರಿಕೆ ಪತ್ರ ಕೊಡಬೇಕೆಂದೂ ಆಯಿತು. ಅದನ್ನು ನಂಬರು ಹಾಕಿ ಕೊಟ್ಟವನೂ ನಾನೇ.

ಇಮಾಮಬಿ ತೆಗೆದ ಫೋಟೋ ಜೈನಾಪುರಕ್ಕೆ ಹೋಯಿತು. ಐದು ನಿಮಿಷದಲ್ಲಿ ರಾಜಾರಾಮನ ಫೋನು ಬಂತು.

“ಅಕ್ಕಾ, ಇದು ಯಾವ ಊರು? ಹಿಂದ ಮಣೂಕದ ಕ್ರೇಟ್ ಕಂಡಂಗ ಆಗಾಕತ್ತೈತಿ.”

“ಊರು ನಿನಗ್ಯಾಕ? ನಿಮ್ಮ ಮಾಮಾ ನಾಕು ತಿಂಗಳು ಕುಂತು ನನಗಂತನ ಮಾಡಿಸ್ಯಾರ,” ಎಂದು ಪರಸವ್ವ ಫೋನಿಟ್ಟಳು. ತಿದ್ದಲು ಬಾಯಿ ತೆರೆದ ಧೂಳಪ್ಪನವರ ಕಾಲನ್ನು ನಾನು ತುಳಿದೆ.

ಆಟೋ ಹತ್ತುವಾಗ ಆಕೆ ಗಂಡನ ಕಡೆ ತಿರುಗಿದಳು. “ಐತವಾರ ಬುತ್ತಿ ಕಟಗೊಂಡು ಬರ್ತೀನ್ರಿ. ಇನ್ನೊಮ್ಮಿ ಜಾರಸ್ತೀರಿಲ್ಲೊ?”

ಆಕೆ ಮತ್ತೆ ಕೇಳಿದ್ದಳು, ಅದೂ ಈ ಭಾನುವಾರಕ್ಕೇ. ಧೂಳಪ್ಪನವರು ಹೂಂ ಎಂದು ತಲೆ ಆಡಿಸಿದರು.

ಶನಿವಾರ ಬೆಳಿಗ್ಗೆ ನೋಡಿದರೆ ಅವರು ಹಿಮದ ತಖ್ತೆಯ ಅಡಿಯಲ್ಲಿ ಪೆನ್ನಿನಿಂದ ನಾಲ್ಕನೆಯ ಸಾಲು ಬರೆಯುತ್ತಿದ್ದರು. ಸ್ಥಳ: ತಿಕೋಟಾ ರಸ್ತೆ. ಉದ್ದ: ಹನ್ನೆರಡು ಅಡಿ. ಬಿದ್ದರೆ ಎತ್ತುವವರು: ಇನ್ನೂರು ಮಂದಿ. ಷರಾ: ಫಲಾನುಭವಿಯ ಮೊಣಕಾಲಿಗೆ ಯೋಗ್ಯ.

ಹನ್ನೊಂದಕ್ಕೆ ಟಪಾಲು ಬಂತು. ಮೇಲಿನ ಲಕೋಟೆಯಲ್ಲೇ ಇತ್ತು ವಾಲ್ವು ಮತ್ತು ರಬ್ಬರಿನ ಮೂರನೆಯ ಕೊಟೇಶನ್. ಸಹಿ ಇತ್ತು, ಶಿಕ್ಕಾ ಇತ್ತು, ಎಲ್ಲ ಸರಿಯಾಗಿತ್ತು. ನಾನು ಅದನ್ನು ಧೂಳಪ್ಪನವರಿಗೆ ತೋರಿಸಿದೆ. ಅವರು ಎರಡು ಸಲ ಓದಿದರು. ಜೀವಮಾನದಲ್ಲಿ ಒಂದು ಕಾಗದವನ್ನೂ ಒಂದು ದಿನ ತಡೆಹಿಡಿದವರಲ್ಲ.

“ಇದು ಸೋಮವಾರ ಬಂದೈತೇನ್ರಿ?” ಎಂದು ಕೇಳಿದರು.

ನಾನು ಶಿಕ್ಕಾ ಎತ್ತಿ, ತಾರೀಖಿನ ಚಕ್ರವನ್ನು ಎರಡು ಹಲ್ಲು ಮುಂದೆ ತಿರುಗಿಸಿ ಹೊಡೆದೆ.